ಬಿ.ಡಿ. ಅಂದ್ರೆ ಬೀಡಿ ಅಲ್ಲ

ನಾನು ಟೀಚರ್ ಕೆಲಸ ಬಿಟ್ಟ ಸುದ್ದಿ ನೆಂಟರ ಕಿವಿಗೆ ತಲುಪಿದ್ದು ಹೀಗೆ. ನಮ್ಮ ಅತ್ತೆ ತುಮಕೂರಿನ ತಮ್ಮ ನಾದಿನಿಗೆ ಫೋನ್ ಮಾಡಿ, "ಸೊಸೆ ಈಗ ಬಿ.ಡಿ. ಮಾಡ್ತಿದ್ದಾಳೆ" ಅಂದರು. ಆ ಅಜ್ಜಿಗೆ ಕಿವಿ ಸ್ವಲ್ಪ ಮಂದ.

"ಬೀಡಿನಾ? ಅಯ್ಯೋ ದೇವರೇ! ಸ್ಕೂಲಿಂದ ತೆಗೆದುಹಾಕಿದ್ರಾ?"

"ಇಲ್ಲಪ್ಪ, ಅವಳೇ ಬಿಟ್ಟಳು."

"ಬಿಟ್ಟು ಬೀಡಿ ಕಟ್ತಾಳಾ? ಎಲ್ಲಿ?"

"ಇಲ್ಲೇ, ಬೆಂಗಳೂರಲ್ಲೇ. ಸರ್ಟಿಫಿಕೇಟು ಮಾತ್ರ ಶ್ರೀರಾಂಪುರದಿಂದ ಬರುತ್ತಂತೆ."

"ಅದೇ, ಮೆಜೆಸ್ಟಿಕ್ ಹತ್ರ ಇದೆಯಲ್ಲ, ಆ ಶ್ರೀರಾಮಪುರ. ಗೊತ್ತು ಬಿಡು."

ಆ ವಾರ ಮೂರು ಜನ ನೆಂಟರು ನಮ್ಮ ಯಜಮಾನರಿಗೆ ಫೋನ್ ಮಾಡಿ, ಮನೆ ಸಾಲದ ಕಂತಿಗೆ ಕಷ್ಟ ಆಗಿದ್ದರೆ ಸಂಕೋಚ ಬೇಡ, ಕೇಳು ಅಂದರು. ಇವರು ಇನ್ನೇನು ಹೂಂ ಅನ್ನೋದರಲ್ಲಿದ್ದರು. ನಾನು ಫೋನ್ ಕಿತ್ತುಕೊಂಡೆ.

ಬಿ.ಡಿ. ಅಂದರೆ ಬ್ಯಾಚುಲರ್ ಆಫ್ ಡಿವಿನಿಟಿ. ಚರ್ಚಿನಲ್ಲಿ ಸಭಾಪಾಲಕರು, ಅಂದರೆ ಪಾದ್ರಿ, ಆಗಬೇಕು ಅನ್ನೋರು ಓದುವ ಡಿಗ್ರಿ. 4 ವರ್ಷ. ಶ್ರೀರಾಂಪುರ ಇರೋದು ಕೋಲ್ಕತ್ತದ ಹತ್ತಿರ, ಹೂಗ್ಲಿ ನದಿ ದಡದಲ್ಲಿ. ಆಗ ಅದು ಡೆನ್ಮಾರ್ಕಿನವರ ಕೈಯಲ್ಲಿದ್ದ ಊರು. ವಿಲಿಯಂ ಕೇರಿ ಮತ್ತವರ ಇಬ್ಬರು ಜೊತೆಗಾರರು 1818ರಲ್ಲಿ ಅಲ್ಲಿ ಕಾಲೇಜು ಕಟ್ಟಿದರು. 1827ರಲ್ಲಿ ಡೆನ್ಮಾರ್ಕಿನ ರಾಜ ಆ ಕಾಲೇಜಿಗೆ ಡಿಗ್ರಿ ಕೊಡುವ ಅಧಿಕಾರ ಕೊಟ್ಟ. ಮುಂದೊಂದು ದಿನ ಅದೇ ಅಧಿಕಾರದ ನೆರಳಲ್ಲಿ, ಬೆಂಗಳೂರಿನ 43 ವರ್ಷದ ಹೆಂಗಸೊಬ್ಬಳು ಹೀಬ್ರೂ ಟೆಸ್ಟಿನಲ್ಲಿ ಫೇಲಾಗ್ತಾಳೆ ಅಂತ ಆ ಮಹಾರಾಜನಿಗೆ ಹೊಳೆದಿರಲಿಕ್ಕಿಲ್ಲ.

ಹೀಗೆ ದೇವರ ಸೇವೆಗೆ ಹೊರಡೋದಕ್ಕೆ ನಮ್ಮ ಕ್ರೈಸ್ತರಲ್ಲಿ "ಕರೆ ಬಂತು" ಅಂತಾರೆ. ಕರೆ ಹೇಗೆ ಬಂತು ಅಂತ ಎಲ್ಲರೂ ಕೇಳ್ತಾರೆ. ಬೆಳಕು ಕಂಡಿತಾ, ಕನಸು ಬಿತ್ತಾ ಅಂತ. ನನಗೆ ಅಂಥದ್ದೇನೂ ಆಗಲಿಲ್ಲ. 19 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಕೂಗುವುದಕ್ಕೂ ಕರೆಯೋದು ಅಂತಾರೆ, ಹಸುವಿನ ಹಾಲಿಗೂ ಕರೆಯೋದು ಅಂತಾರೆ, ಬಟ್ಟೆ ಮೇಲಿನ ಕಲೆಗೂ ಕರೆ ಅಂತಾರೆ. ನನ್ನದು ಮೂರನೇ ಜಾತಿ. ಬಾಳೆಕಾಯಿ ಕರೆ ಥರ. ಹತ್ತು ವರ್ಷ ತಿಕ್ಕಿದೆ, ಹೋಗಲಿಲ್ಲ.

ಮನೆಯಲ್ಲಿ ಹೇಳಿದಾಗ ಇವರು ಒಂದು ನಿಮಿಷ ಸುಮ್ಮನಿದ್ದು, "ದೇವರೇ ಕರೆದರೆ ಬೇಡ ಅನ್ನೋಕೆ ನಾನ್ಯಾರು?" ಅಂದರು. ನನ್ನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ, "ಬೆಳಿಗ್ಗೆ ತಿಂಡಿಗೆ ಏನ್ಮಾಡೋದು ಹಾಗಾದ್ರೆ?" ಅಂದರು. ಹತ್ತನೇ ಕ್ಲಾಸಿನ ಮಗಳು, "ಅಂದ್ರೆ ನೀನೂ ನನ್ನ ಜೊತೆ ಎಕ್ಸಾಮ್ ಬರೀತೀಯಾ?" ಅಂತ ಮುಖ ಅರಳಿಸಿದಳು. ಆ ಖುಷಿಯಲ್ಲಿ ನನಗೆ ಅಪಾಯದ ವಾಸನೆ ಬಡಿಯಿತು.

ನಾನು ತಯಾರಾಗಿಯೇ ಇದ್ದೆ. "ನೋಡಿ, ಬೈಬಲ್ಲಿನಲ್ಲಿ ಅಬ್ರಹಾಮ ಊರು ಬಿಟ್ಟು ಹೊರಟಾಗ 75 ವರ್ಷ. ಮೋಶೆ ಫರೋಹ ರಾಜನ ಮುಂದೆ ನಿಂತಾಗ 80" ಅಂದೆ. ಇವರು ಲೆಕ್ಕಪತ್ರ ವಿಭಾಗದವರು. ವಿಷಯ ಯಾವುದೇ ಇರಲಿ, ಬಿಟ್ಟುಹೋದ ಖರ್ಚು ಹುಡುಕುತ್ತಾರೆ. "ಸರಿ, ಆ ಮೋಶೆಯ ಹೆಂಡತಿ ಮಕ್ಕಳು ಎಲ್ಲಿದ್ದರು?" ತೆಗೆದು ನೋಡಿದೆ. ಮಾವನ ಮನೆಯಲ್ಲಿದ್ದರು. ಎಲ್ಲಾ ಮುಗಿದು ಜನರೆಲ್ಲ ಸಮುದ್ರ ದಾಟಿದ ಮೇಲೆ ಮಾವನೇ ಮಗಳನ್ನೂ ಎರಡು ಮೊಮ್ಮಕ್ಕಳನ್ನೂ ಕರೆತಂದು ಒಪ್ಪಿಸುತ್ತಾನೆ. ಇಷ್ಟು ವರ್ಷ ಚರ್ಚಿನಲ್ಲಿ ಪ್ರಸಂಗ ಕೇಳಿದ್ದೇನೆ, ಆ ಮಾವನ ಮನೆಯ ಅಡುಗೆ ಖರ್ಚಿನ ಬಗ್ಗೆ ಒಬ್ಬರೂ ಮಾತಾಡಿಲ್ಲ.

ಅತ್ತೆ ಮೂಲೆಯಿಂದ ತಮ್ಮ ವಾಕ್ಯ ತೆಗೆದರು. "ಶಿಷ್ಯ ಪೇತ್ರನ ಅತ್ತೆಗೆ ಜ್ವರ ಬಂದಿತ್ತು. ಯೇಸುಸ್ವಾಮಿ ಕೈ ಹಿಡಿದು ಎಬ್ಬಿಸಿದರು. ಎದ್ದವಳು ಏನು ಮಾಡಿದಳು ಹೇಳು? ಸೀದಾ ಎಲ್ಲರ ಉಪಚಾರಕ್ಕೆ ನಿಂತಳು. ಅಳಿಯ ಸೇವೆಗೆ ಹೋದರೆ ಅತ್ತೆ ಅಡುಗೆಮನೆಗೆ. ಬರೆದೇ ಇದೆಯಲ್ಲ." ಹೀಗೆ ತಿಂಡಿಯ ಪ್ರಶ್ನೆ ಶಾಸ್ತ್ರೋಕ್ತವಾಗಿ ಬಗೆಹರಿಯಿತು.

ಬೈಬಲ್ಲಿನ ಹಳೆಯ ಭಾಷೆ ಹೀಬ್ರೂ ವಿಷಯಕ್ಕೆ ಬರುತ್ತೇನೆ. 49 ಅಕ್ಷರ ಕಲಿಸಿದವಳಿಗೆ 22 ಅಕ್ಷರ ಯಾವ ಲೆಕ್ಕ ಅಂದುಕೊಂಡಿದ್ದೆ. ಬಲದಿಂದ ಎಡಕ್ಕೆ ಬರೆಯಬೇಕು. ಸ್ವರಗಳೆಲ್ಲ ಅಕ್ಷರದ ಕೆಳಗೆ ಮೇಲೆ ಚುಕ್ಕಿ, ಗೆರೆ. ನನಗೆ ಆಗಷ್ಟೇ ಚಾಳೀಸು ಬಂದಿತ್ತು. ಚುಕ್ಕಿ ಯಾವುದು, ಪುಸ್ತಕದ ಮೇಲೆ ಬಿದ್ದ ಸಾಸಿವೆ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಒಮ್ಮೆ ನಿಜಕ್ಕೂ ಸಾಸಿವೆಯನ್ನೇ ಓದಿದೆ. ಪಕ್ಕದಲ್ಲಿ ಕೂತ 22 ವರ್ಷದ ಹುಡುಗ ಉಗುರಿನಿಂದ ಕೆರೆದು ತೆಗೆದುಕೊಟ್ಟ.

ಅಕ್ಷರಗಳ ಚಾರ್ಟನ್ನು ಫ್ರಿಜ್ ಮೇಲೆ ಅಂಟಿಸಿದ್ದೆ. ಏಳು ವರ್ಷದ ಮಗ ನನ್ನ ಜೊತೆ ಕೂತು ನೋಡುತ್ತಿದ್ದ. ಒಂದು ದಿನ ಅವನ ಸ್ಕೂಲಿನಿಂದ ಕರೆ ಬಂತು, ಇದು ನಿಜವಾದ ಫೋನ್ ಕರೆ. ಹೋಂವರ್ಕ್ ಪೂರ್ತಿ ಬಲದಿಂದ ಎಡಕ್ಕೆ ಬರೆದಿದ್ದಾನೆ, ಮನೇಲಿ ಏನಾದ್ರೂ ಟೆನ್ಷನ್ ಇದೆಯಾ ಅಂತ ಕೇಳಿದರು. ಇದೆ ಅಂದೆ. ನಾಳೆ ನನಗೆ ಟೆಸ್ಟು.

ಆ ಟೆಸ್ಟಿನಲ್ಲಿ 50ಕ್ಕೆ 14 ಬಂತು. ಪೇಪರನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೆ. ಮಗಳು ಹುಡುಕಿ ತೆಗೆದಳು. ನಾನು ಅವಳಿಗೆ ಹೇಳುತ್ತಿದ್ದ ಮಾತನ್ನೇ, ಅದೇ ರಾಗದಲ್ಲಿ ಒಪ್ಪಿಸಿದಳು. "ಮಾರ್ಕ್ಸ್ ಮುಖ್ಯ ಅಲ್ಲಮ್ಮ. ಆದ್ರೆ ಮುಚ್ಚಿಟ್ಟಿದ್ಯಾಕೆ?"

ಹೀಬ್ರೂನಲ್ಲಿ ಕರೆದನು ಅನ್ನೋದಕ್ಕೆ "ಕಾರಾ" ಅಂತಾರೆ. ನಮ್ಮ ಕರೆಗೂ ಅದಕ್ಕೂ ಸಂಬಂಧ ಏನೂ ಇಲ್ಲ, ಸುಮ್ನೆ ಕಾಕತಾಳೀಯ. ಆದರೆ ಓದಿದನು ಅನ್ನೋದಕ್ಕೂ ಅದೇ ಪದ. ಕರೆದ ಮೇಲೆ ಓದಲೇಬೇಕು, ಬೇರೆ ದಾರಿ ಇಲ್ಲ ಅಂತ ಆ ಭಾಷೆ ಮಾಡಿದವರಿಗೇ ಗೊತ್ತಿತ್ತು.

ಭಾನುವಾರಗಳಲ್ಲಿ ವಿದ್ಯಾರ್ಥಿಗಳನ್ನು ಒಂದೊಂದು ಸಭೆಗೆ, ಅಂದರೆ ಚರ್ಚಿಗೆ, ಕಳಿಸುತ್ತಾರೆ. ನನ್ನನ್ನು ಊರಾಚೆಯ ಚಿಕ್ಕ ಸಭೆಗೆ ಹಾಕಿದರು. ಅಲ್ಲಿ ದೊಡ್ಡ ತೊಡಕು ನನ್ನ ಹೆಸರಿನದು. ಸಭಾಪಾಲಕರನ್ನು ಅಯ್ಯನವರು ಅಂತಾರೆ. ಅವರ ಹೆಂಡತಿ ಅಮ್ಮನವರು. ಓದಲು ಬಂದ ಹುಡುಗರಿಗೆ ತಮ್ಮಾ ಅಂದರೆ ಸಾಕು. ನನ್ನನ್ನು ನೋಡಿದರೆ ಅದೂ ಬಾಯಿಗೆ ಬರಲ್ಲ. ಕೊನೆಗೆ ಅಮ್ಮನವರು ಅಂದರು. ಅಮ್ಮನವರು ಅಂದ ಮೇಲೆ ಅಯ್ಯನವರು ಎಲ್ಲಿ ಅಂತ ಹುಡುಕಬೇಕಲ್ಲ? ಹಿಂದಿನ ಬೆಂಚಿನಲ್ಲಿ ಮಗನ ವಾಟರ್ ಬಾಟಲ್ ಹಿಡಿದು ಇವರು ಕೂತಿದ್ದರು. ಒಬ್ಬಾಕೆ ನೇರ ಅವರ ಹತ್ತಿರ ಹೋಗಿ, "ಅಯ್ಯನವರೇ, ಮೊಮ್ಮಗನ ದೀಕ್ಷಾಸ್ನಾನ ಯಾವಾಗ ಇಟ್ಕೊಳ್ಳೋಣ?" ಅಂದರು. ಇವರು ಬಹಳ ಯೋಚಿಸಿ, "ಮಾರ್ಚ್ ಕಳೀಲಿ. ಇಯರ್ ಎಂಡಿಂಗ್ ಇದೆ" ಅಂದರಂತೆ.

ಸಭೆಯ ಹಿರಿಯರೊಬ್ಬರಿಗೆ ಮಾತ್ರ ಹೆಂಗಸು ಪೀಠ ಹತ್ತೋದು ಅಷ್ಟಾಗಿ ಒಗ್ಗಲಿಲ್ಲ. ನಾನು ವಿನಯದಿಂದ, 2013ರಲ್ಲೇ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಸಿಎಸ್‌ಐನ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದ, ಮೊದಲ ಮಹಿಳಾ ಬಿಷಪ್ ಆದರಲ್ಲ ಅಂದೆ. "ಅದು ಆಂಧ್ರ" ಅಂದರು. ಅಲ್ಲಿಗೆ ಚರ್ಚೆ ಮುಗಿಯಿತು.

ನನ್ನ ಮೊದಲ ಪ್ರಸಂಗಕ್ಕೆ ಬಾಲಕ ಸಮುವೇಲನ ಕಥೆ ಆರಿಸಿದೆ. ರಾತ್ರಿ ಮಲಗಿದ್ದಾಗ ಯಾರೋ ಕರೆಯುತ್ತಾರೆ. ಮುದುಕ ಏಲಿ ಕರೆದ ಅಂತ ಓಡುತ್ತಾನೆ. ನಾನು ಕರೆದಿಲ್ಲ, ಹೋಗಿ ಮಲಗು ಅಂತಾನೆ ಏಲಿ. ಮೂರು ಸಲ ಹೀಗೇ. ನಮ್ಮ ಮನೆಯ ರಾತ್ರಿಗಳೂ ಹೀಗೇ ಇರೋದರಿಂದ ತಯಾರಿ ಸುಲಭವಾಗಿತ್ತು. ಧ್ವನಿ ತಗ್ಗಿಸಿ, "ಆ ಕತ್ತಲಲ್ಲಿ, ಆ ಮೌನದಲ್ಲಿ, ಒಂದು ಧ್ವನಿ..." ಅಂದು ನಿಲ್ಲಿಸಿದೆ. ನಿಲ್ಲಿಸಬಾರದಿತ್ತು.

"ಅಮ್ಮಾ! ಸುಸ್ಸು!"

ನಾನು ಮೈಕಿನಲ್ಲೇ, "ಬಂದೆ ಕಂದಾ" ಅಂದೆ. ಅಭ್ಯಾಸ, ಏನು ಮಾಡೋದು? ಪೀಠದಿಂದ ಒಂದು ಮೆಟ್ಟಿಲು ಇಳಿದೂ ಆಗಿತ್ತು. ಮುಂದಿನ ಬೆಂಚಿನಿಂದ ಆ ಹಿರಿಯರು ಬೈಬಲ್ ಮೇಲೆ ಬೆರಳಿಟ್ಟು, "ಅಮ್ಮನವರೇ, ಇಲ್ಲಿ 'ಇಗೋ, ಇದ್ದೇನೆ' ಅಂತಿದೆ" ಅಂದರು. ಇಡೀ ಸಭೆ ನಕ್ಕಿತು. ಇವರು ಎದ್ದು ಮಗನನ್ನು ಎತ್ತಿಕೊಂಡು ಹೊರಗೋಡಿದರು. ಮಿಕ್ಕ ಪ್ರಸಂಗ ಏನು ಹೇಳಿದೆನೋ ನೆನಪಿಲ್ಲ. ಆದರೆ ಹೊರಡುವಾಗ ಆ ಹಿರಿಯರು ಮಗನ ಕೈಗೆ ಪೆಪ್ಪರ್‌ಮಿಂಟ್ ಕೊಟ್ಟರು.

ಆಮೇಲೆ ಸುಗ್ಗಿ ಹಬ್ಬ ಬಂತು. ಎಲ್ಲರೂ ಬೆಳೆದಿದ್ದು, ಮಾಡಿದ್ದು ತಂದು ಒಪ್ಪಿಸುತ್ತಾರೆ. ಆರಾಧನೆ ಮುಗಿದ ಮೇಲೆ ಹರಾಜು. ಬಾಳೆಗೊನೆ, ಕುಂಬಳಕಾಯಿ, ಕಾಲು ಕಟ್ಟಿದ ನಾಟಿ ಕೋಳಿ. ಹಬ್ಬದ ದಿನ ಒಂದು ಮೊಟ್ಟೆಗೂ ನೂರಾರು ರೂಪಾಯಿ ಆಗುತ್ತೆ. ಅತ್ತೆ ಮಂಡಿನೋವು ಅಂತ ಬರಲಿಲ್ಲ. ಒಂದು ಬಾಟಲಿ ಮಾವಿನಕಾಯಿ ಉಪ್ಪಿನಕಾಯಿ ಕಳಿಸಿ, "ಎಷ್ಟಕ್ಕೆ ಹೋಯ್ತು ಹೇಳಬೇಕು" ಅಂದಿದ್ದರು.

ಹರಾಜು ಕೂಗುತ್ತಿದ್ದವರು ಅದೇ ಹಿರಿಯರು. ಉಪ್ಪಿನಕಾಯಿ 50 ರೂಪಾಯಿಗೆ ನಿಂತುಬಿಟ್ಟಿತು. ನನ್ನ ಎದೆ ಧಸಕ್ಕೆಂದಿತು. ಈ ಸುದ್ದಿ ಮನೆಗೆ ಹೋದರೆ ನಾಳೆಯಿಂದ ತಿಂಡಿ ಇಲ್ಲ. ಅಡುಗೆ ಕಡೆಯ ಬಾಗಿಲಿನಿಂದ "ನೂರು" ಅಂದೆ. ಶಾಮಿಯಾನದ ಆ ತುದಿಯಿಂದ ಯಾರೋ "ಇನ್ನೂರು" ಅಂದರು. ಬಿಡಲಿಲ್ಲ, ಮುನ್ನೂರು ಅಂದೆ. ಹೀಗೇ ಏರುತ್ತಾ ಹೋಯಿತು. ಮಧ್ಯೆ ನಿಂತ ಜನರಿಂದಾಗಿ ಆ ಕಡೆ ಯಾರು ಅಂತ ಕಾಣುತ್ತಿರಲಿಲ್ಲ. ಹಿರಿಯರಿಗೆ ಮಾತ್ರ ಎರಡೂ ಕಡೆ ಕಾಣುತ್ತಿತ್ತು. ಅವರಿಗೆ ಅವತ್ತು ಬಹಳ ಹುಮ್ಮಸ್ಸು.

"ಅಮ್ಮನವರು 850! ಅಯ್ಯನವರು 900! ಒಂದು ಸಲ... ಎರಡು ಸಲ..."

ಬಾಟಲಿಯನ್ನು ಕಾರಿನ ಡಿಕ್ಕಿಯಲ್ಲಿ ಟವೆಲ್ ಸುತ್ತಿ ಬಚ್ಚಿಟ್ಟು ಮನೆಗೆ ಬಂದೆವು. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು.

"ಎಷ್ಟಾಯ್ತು?"

"ಒಂಬೈನೂರು" ಅಂದರು ಇವರು.

ಅತ್ತೆಗೆ ಮಂಡಿನೋವು ಆ ಕ್ಷಣವೇ ವಾಸಿಯಾಯಿತು. "ನೋಡಿದ್ಯಾ! ಮುಂದಿನ ವರ್ಷ ನಾಲ್ಕು ಬಾಟಲಿ ಹಾಕ್ತೀನಿ."