ಲಕ್ಷ ಓಟು ಬಿದ್ದ ಮಾತ್ರಕ್ಕೆ ಅದು ಜನಾಭಿಪ್ರಾಯವಲ್ಲ

‘ಆನ್‌ಲೈನ್ ಪೋಲ್‌ನಲ್ಲಿ ಲಕ್ಷಗಟ್ಟಲೆ ಜನ ಓಟು ಹಾಕಿದ್ದಾರೆ, ಸಾವಿರ ಜನರನ್ನು ಕೇಳುವ ಸಮೀಕ್ಷೆಗಿಂತ ಇದೇ ನಿಜ’ ಎಂಬ ಸಂದೇಶ ಓಡಾಡುತ್ತಿದೆ. ಇದು ತಪ್ಪು. ಎಷ್ಟು ಜನ ಉತ್ತರಿಸಿದರು ಅನ್ನೋದಕ್ಕಿಂತ ಯಾರು ಉತ್ತರಿಸಿದರು ಅನ್ನೋದು ಮುಖ್ಯ.

1936ರ ಅಮೆರಿಕ ಅಧ್ಯಕ್ಷ ಚುನಾವಣೆಯನ್ನೇ ನೋಡಿ. ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ವಾಪಸ್ ಬಂದವು. ಅವನ್ನು ಎಣಿಸಿ, ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಬರೆಯಿತು. ಗೆದ್ದದ್ದು ಎದುರಾಳಿ ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ! ವಿಳಾಸಗಳನ್ನು ಹೆಚ್ಚಾಗಿ ತೆಗೆದದ್ದು ಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಷ್ಟದ ಕಾಲದಲ್ಲಿ ಫೋನು, ಕಾರು ಇದ್ದವರು ಹೆಚ್ಚಿನಂಶ ಉಳ್ಳವರೇ ಅಲ್ವಾ? ಜೊತೆಗೆ, ಉತ್ತರ ಕಳಿಸಿದವರೇ ಕಾಲು ಭಾಗದಷ್ಟು. ಅದೇ ಚುನಾವಣೆಯಲ್ಲಿ ಸಮೀಕ್ಷೆ ತಜ್ಞ ಜಾರ್ಜ್ ಗ್ಯಾಲಪ್ ತೀರಾ ಕಡಿಮೆ ಜನರನ್ನು ಕೇಳಿ, ರೂಸ್‌ವೆಲ್ಟ್ ಗೆಲ್ಲುತ್ತಾರೆಂದು ಸರಿಯಾಗಿ ಹೇಳಿದ್ದರು.

ಆನ್‌ಲೈನ್ ಪೋಲ್‌ನದೂ ಇದೇ ತೊಡಕು. ಲಿಂಕ್ ಸಿಕ್ಕವರು, ಆಸಕ್ತಿ ಇದ್ದವರು ಮಾತ್ರ ಒತ್ತುತ್ತಾರೆ. ಕೆಲವು ಕಡೆ ಒಬ್ಬರೇ ಹತ್ತು ಸಲ ಒತ್ತಬಹುದು. ನನಗೆ ಇದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ‘ಎಲ್ಲರೂ ಹೀಗೇ ಅಂತಾರೆ’ ಎಂದು ನಂಬಿದಾಗ ಎಷ್ಟೋ ಜನ ತಮ್ಮ ಮಾತನ್ನು ನುಂಗಿಕೊಂಡು ಸುಮ್ನಾಗುತ್ತಾರೆ. ಇಲ್ಲದ ಬಹುಮತ ಹಾಗೇ ಹುಟ್ಟಿಕೊಳ್ಳುತ್ತದೆ.

ದಯವಿಟ್ಟು ಆ ಸಂದೇಶವನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.