ಒಬ್ಬರಿಗೆ ಒಂದೇ ಬಾಟ್ಲಿ

ಬೌರ್ಬನ್ ಅನ್ನೋ ವಿಸ್ಕಿ ಮಾಡುವ ಜಿಮ್ ಬೀಮ್‌ನವರು ಅಮೆರಿಕದ ಕೆಂಟಕಿ ರಾಜ್ಯದ ಕ್ಲೆರ್ಮಾಂಟ್‌ನಲ್ಲಿರುವ ತಮ್ಮ ದೊಡ್ಡ ಭಟ್ಟಿಯನ್ನು 2026ರ ಪೂರ್ತಿ ಆರಿಸಿಡುತ್ತಾರಂತೆ. ಆ ಹೊತ್ತಿನಲ್ಲಿ ಒಂದಿಷ್ಟು ಸುಧಾರಣೆ ಕೆಲಸ ಮಾಡಿಸ್ತಾರಂತೆ. ಆಗಲಿ, ಮಾಡಿಸಲಿ. ಆದರೆ ಕೆಂಟಕಿಯ ಗೋದಾಮುಗಳಲ್ಲಿ ಈಗಾಗಲೇ ಸುಮಾರು 1.6 ಕೋಟಿ ಪೀಪಾಯಿ ಮಲಗಿವೆ. ಆ ರಾಜ್ಯದ ಜನ ಅರ್ಧ ಕೋಟಿಯೂ ಇಲ್ಲ. ತೊಟ್ಟಿಲ ಕೂಸನ್ನೂ ಲೆಕ್ಕಕ್ಕೆ ತಗೊಂಡು ಹಂಚಿದರೂ ತಲೆಗೆ ಮೂರು ಪೀಪಾಯಿ ಬಂದು, ಇನ್ನೂ ಮಿಗುತ್ತೆ.

ಹೀಗಿದ್ದರೂ ಮೊನ್ನೆ ಮೊನ್ನೆಯವರೆಗೆ ಅಮೆರಿಕದ ಎಷ್ಟೋ ಅಂಗಡಿಗಳಲ್ಲಿ ಬಫಲೋ ಟ್ರೇಸ್ ಅನ್ನೋ ಬೌರ್ಬನ್ ಕೇಳಿದರೆ ‘ಒಬ್ಬರಿಗೆ ಒಂದೇ ಬಾಟ್ಲಿ’ ಅನ್ನೋರು. ಮೂವತ್ತು ಡಾಲರ್ ಆಸುಪಾಸಿನ ಎಣ್ಣೆಗೆ ರೇಷನ್!

ರೇಷನ್ ಬಂದ ಮೇಲೆ ಪಂಡಿತರು ಬಾರದೆ ಇರ್ತಾರಾ? ಬೌರ್ಬನ್ನನ್ನು ಸುಮ್ನೆ ಕುಡಿಯೋ ಹಾಗಿಲ್ಲ. ಗ್ಲಾಸಿಗೆ ಮೂಗು ತೂರಿಸಬೇಕು, ಬಾಯಿ ಅರ್ಧ ತೆರೆದಿರಬೇಕು. ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿ ಅಗಿಯಬೇಕು. ಹೌದು, ಅಗಿಯಬೇಕು. ಅದಕ್ಕೆ ‘ಕೆಂಟಕಿ ಚ್ಯೂ’ ಅಂತ ಹೆಸರೇ ಇದೆ. ಕಣ್ಣು ಮುಚ್ಚಿ ಅಗಿದು, ನುಂಗಿ, ಅಪ್ಪಣೆ ಕೊಡಿಸ್ತಾರೆ: ವೆನಿಲ್ಲಾ, ಕ್ಯಾರಮೆಲ್, ಹಳೇ ಚರ್ಮ, ತಂಬಾಕು. ಮೂವತ್ತು ಡಾಲರಿಗೆ ಅಡ್ಡಿಯಿಲ್ಲ.

ವೆನಿಲ್ಲಾ ಇರದೆ ಇನ್ನೇನಿರುತ್ತೆ ಸ್ವಾಮಿ? ಧಾನ್ಯದಲ್ಲಿ ಕನಿಷ್ಠ 51 ಪರ್ಸೆಂಟ್ ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಮರದ ಪಾತ್ರೆಯಲ್ಲೇ ಇಡಬೇಕು, ಬಣ್ಣ, ಪರಿಮಳ ಬೆರೆಸಬಾರದು. ಇದು ಅಲ್ಲಿನ ಕಾನೂನು. ಮರ ಸುಟ್ಟರೆ ವೆನಿಲ್ಲಾ ಪರಿಮಳ ಕೊಡೋ ವೆನಿಲಿನ್ ಹುಟ್ಟುತ್ತೆ. ಬೌರ್ಬನ್ನಿನಲ್ಲಿ ವೆನಿಲ್ಲಾ ಪತ್ತೆ ಹಚ್ಚೋದು ಅಂದರೆ ಇಡ್ಲಿಯಲ್ಲಿ ಉದ್ದು ಪತ್ತೆ ಹಚ್ಚಿದ ಹಾಗೆ.

2013ರಲ್ಲಿ ಇನ್ನೊಂದು ಬೌರ್ಬನ್ ಕಂಪನಿ ಮೇಕರ್ಸ್ ಮಾರ್ಕ್‌ನವರು ಮಾಲು ಸಾಲದೆ 45 ಪರ್ಸೆಂಟ್ ಆಲ್ಕೋಹಾಲ್ ಇರೋ ಎಣ್ಣೆಯನ್ನು 42ಕ್ಕೆ ಇಳಿಸ್ತೀವಿ ಅಂದರು. ರುಚಿ ಬದಲಾಗಲ್ಲ ಅಂತಲೂ ಹೇಳಿದರು. ರಸಿಕರು ಕೆಂಡವಾದರು. ಬೈದವರಲ್ಲಿ ಎಷ್ಟು ಜನ ಆ 42ರದ್ದನ್ನು ಕುಡಿದಿದ್ದರು? ಹೊಸ ಬಾಟ್ಲಿ ಇನ್ನೂ ಅಂಗಡಿಗಳಿಗೆ ಸರಿಯಾಗಿ ತಲುಪಿಯೇ ಇರಲಿಲ್ಲ. ನಾಲಿಗೆಗೆ ಮುಟ್ಟುವ ಮುಂಚೆಯೇ ರುಚಿ ಕೆಟ್ಟಿತ್ತು. ಸುಮಾರು ಒಂದೇ ವಾರದಲ್ಲಿ ಕಂಪನಿ ಕೈಮುಗಿದು 45ಕ್ಕೆ ವಾಪಸ್ ಬಂತು.

ನಮ್ಮಲ್ಲಿ ಪಂಡಿತರ ಕಾಟ ಕಡಿಮೆ, ಸುಂಕದವರದ್ದು ಜಾಸ್ತಿ. 2025ರ ಫೆಬ್ರವರಿಯಲ್ಲಿ ದೆಹಲಿಯವರು ಬೌರ್ಬನ್ ಸುಂಕವನ್ನು 150ರಿಂದ 100 ಪರ್ಸೆಂಟಿಗೆ ಇಳಿಸಿದರು. ಮುಂದಿನ ತಿಂಗಳೇ ಶ್ವೇತಭವನದ ವಕ್ತಾರೆ, ಭಾರತ 150 ಹಾಕ್ತಿದೆ ಅಂತ ಪತ್ರಕರ್ತರ ಮುಂದೆ ದೂರಿದರು. ಇಳಿಸಿದ್ದು ಅವರಿಗೂ ಗೊತ್ತಾಗಲಿಲ್ಲ, ಬೆಂಗಳೂರಲ್ಲಿ ಬಿಲ್ ಕಟ್ಟೋನಿಗೂ ಗೊತ್ತಾಗಲಿಲ್ಲ. ರಾಜ್ಯದ ಅಬಕಾರಿ ಸುಂಕ ಇದೆಯಲ್ಲ, ಅದು ಬೇರೆ.

ಇಷ್ಟರವರೆಗೆ ನಗಬಹುದು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಎಣ್ಣೆ ಹಂಚೋದು ಸರ್ಕಾರವೇ. ಸಿಗದ ಬಾಟ್ಲಿಗಳಿಗೆ ಜನಸಾಮಾನ್ಯರು ಲಾಟರಿಗೆ ಹೆಸರು ಕೊಟ್ಟು ಕಾಯಬೇಕು. ಆ ಇಲಾಖೆಯ ದೊಡ್ಡವರೇ ಪ್ಯಾಪಿ ವ್ಯಾನ್ ವಿಂಕಲ್‌ನಂಥ ಅಪರೂಪದ ಬೌರ್ಬನ್ ಬಾಟ್ಲಿಗಳನ್ನು ತಮಗೆ ಬೇಕಾದ ಅಂಗಡಿಗೆ ತರಿಸಿಕೊಂಡು ಎತ್ತಿಟ್ಟುಕೊಂಡಿದ್ದು 2023ರಲ್ಲಿ ಬಯಲಾಯ್ತು. ಪಾಪ, ದುಡ್ಡು ಕೊಟ್ಟೇ ತಗೊಂಡರಂತೆ! ಮುಖ್ಯಸ್ಥರು ರಾಜೀನಾಮೆ ಕೊಟ್ಟು ಹೋದರು. ದುಡ್ಡು ಕೊಡೋಕೆ ಲಾಟರಿಯಲ್ಲಿ ಹೆಸರು ಹಾಕಿದವನೂ ತಯಾರಿದ್ದ. ಅವನಿಗೆ ಯಾಕೆ ಸಿಗಲಿಲ್ಲ? ಸರದಿ ಅನ್ನೋದು ಉಳಿದವರಿಗೆ ಮಾತ್ರಾನಾ? ಥೂ, ಸಾಕಾಯ್ತು.