ಕೈ ತಾಕದೆ ತೆರೆಯುವ ಕಾರಿನ ಬಾಗಿಲು: ಬೇಕೆ, ಬೇಡವೇ?

ಪರ: ಕೈಗೆ ಬಿಡುವಿಲ್ಲದವರಿಗೆ

ಡಿಕ್ಕಿಯ ಬಳಿಗೆ ಯಾರೂ ಕೈ ಬೀಸಿಕೊಂಡು ಹೋಗುವುದಿಲ್ಲ. ಸಾಮಾನು ಇಡುವುದಕ್ಕೆಂದೇ ಅಲ್ಲಿಗೆ ಹೋಗುವುದು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮಗು, ಕೀಲಿ ಎಲ್ಲೋ ಜೇಬಿನ ತಳದಲ್ಲಿ. ಕೆಳಗೆ ಇಡೋಣವೆಂದರೆ ನೆಲದ ತುಂಬ ಮಳೆನೀರು. ಈ ಪಡಿಪಾಟಲು ಕಾರು ತಯಾರಕರ ಕಣ್ಣಿಗೆ ಬೀಳಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತಲ್ಲ, ಸೋಜಿಗ ಅದು. ಫೋರ್ಡ್ 2013ರ ಮಾದರಿಯ ಎಸ್ಕೇಪ್ ಕಾರಿನಲ್ಲಿ, ಬಂಪರ್ ಕೆಳಗೆ ಕಾಲಾಡಿಸಿದರೆ ತೆರೆದುಕೊಳ್ಳುವ ಹಿಂಬಾಗಿಲನ್ನು ಕೊಟ್ಟಿತು. 2017ರ ಕ್ರೈಸ್ಲರ್ ಪೆಸಿಫಿಕಾದಲ್ಲಿ ಪಕ್ಕದ ಸರಿಯುವ ಬಾಗಿಲುಗಳಿಗೂ ಅದೇ ಅನುಕೂಲ ಬಂತು.

ಇದೆಲ್ಲ ಆಟಿಕೆ ಎಂದು ಮೂಗು ಮುರಿಯುವವರು ಒಮ್ಮೆ ಬಂಪರಿನ ಒಳಗೆ ಇಣುಕಬೇಕು. ಪ್ಲಾಸ್ಟಿಕ್ಕಿನ ಹಿಂದೆ ಮೇಲೊಂದು, ಕೆಳಗೊಂದು ಸೆನ್ಸರ್ ಪಟ್ಟಿ ಇರುತ್ತದೆ. ಎರಡೂ ತಮ್ಮ ಸುತ್ತ ದುರ್ಬಲವಾದ ವಿದ್ಯುತ್ ಕ್ಷೇತ್ರವನ್ನು ಹರಡಿಕೊಂಡಿರುತ್ತವೆ. ಮನುಷ್ಯನ ಮೈ ವಿದ್ಯುತ್ ವಾಹಕವಾದ್ದರಿಂದ ಕಾಲು ಹತ್ತಿರ ಬಂದೊಡನೆ ಆ ಕ್ಷೇತ್ರ ಬದಲಾಗುತ್ತದೆ. ಮೇಲಿನ ಪಟ್ಟಿಗೆ ಮೊಣಕಾಲಿನ ಕೆಳಭಾಗ ಕಾಣುತ್ತದೆ, ಕೆಳಗಿನದಕ್ಕೆ ಪಾದ. ಎರಡರಲ್ಲೂ ಬದಲಾವಣೆ ಕಂಡು, ಪಾದ ಒಳಗೆ ಹೋದಷ್ಟೇ ಚುರುಕಾಗಿ ಹಿಂದಕ್ಕೆ ಬಂದರೆ ಮಾತ್ರ ಅದು ಯಾರೋ ಬೇಕೆಂದೇ ಆಡಿಸಿದ ಕಾಲು ಎಂದು ಲೆಕ್ಕ. ಬೆಕ್ಕೊಂದು ಕಾರಿನಡಿಗೆ ನುಸುಳಿದರೆ ಕೆಳಗಿನ ಪಟ್ಟಿಗಷ್ಟೇ ತಿಳಿಯುತ್ತದೆ, ಬಾಗಿಲು ಮಿಸುಕುವುದಿಲ್ಲ.

ಅಷ್ಟಾದರೂ ಸಾಲದು, ಕೀಲಿಯೂ ಪಕ್ಕದಲ್ಲಿರಬೇಕು. ಕಾರು ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಕಡಿಮೆ ಆವರ್ತನದಲ್ಲಿ ಕೀಲಿಯನ್ನು ಕರೆಯುತ್ತದೆ. ಆ ಕರೆ ಒಂದೆರಡು ಮೀಟರಿನಾಚೆಗೆ ಕೇಳಿಸದು. ಕೀಲಿ 315 ಅಥವಾ 433 ಮೆಗಾಹರ್ಟ್ಸ್‌ನಲ್ಲಿ ಗೂಢಲಿಪಿಯ ಉತ್ತರ ಕೊಟ್ಟ ಮೇಲೆಯೇ ಮೋಟಾರಿಗೆ ಅಪ್ಪಣೆ. ಹ್ಯುಂಡೈನ ಕೆಲವು ಕಾರುಗಳಲ್ಲಂತೂ ಕಾಲನ್ನೂ ಎತ್ತಬೇಕಿಲ್ಲ. ಕೀಲಿ ಜೇಬಿನಲ್ಲಿಟ್ಟುಕೊಂಡು ಕಾರಿನ ಹಿಂದೆ 3 ಸೆಕೆಂಡು ನಿಂತರೆ, ದೀಪ ಮಿನುಗಿಸಿ ಎಚ್ಚರಿಸಿ ತಾನೇ ತೆರೆದುಕೊಳ್ಳುತ್ತದೆ.

ತೆರೆಯುವುದರ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ನನಗೆ ಮುಚ್ಚುವುದು ಹೆಚ್ಚು ಮುಖ್ಯವೆನಿಸುತ್ತದೆ. ಎತ್ತರದ ಎಸ್‌ಯುವಿಗಳ ಹಿಂಬಾಗಿಲು ಪೂರ್ತಿ ಮೇಲೆದ್ದರೆ ಕುಳ್ಳಗಿರುವವರ ಕೈಗೆ ಅದರ ಅಂಚು ಎಟುಕುವುದೇ ಇಲ್ಲ. ಭುಜದ ನೋವಿರುವವರಿಗೆ ಅದನ್ನು ಎಳೆದು ಬಡಿಯುವುದು ಪ್ರತಿ ಸಲವೂ ಶಿಕ್ಷೆ. ಮೋಟಾರು ಈ ಕೆಲಸವನ್ನು ನಿಧಾನವಾಗಿ ಮಾಡಿ ಮುಗಿಸುತ್ತದೆ, ಎಷ್ಟು ಎತ್ತರಕ್ಕೆ ಏಳಬೇಕೆಂದು ಮೊದಲೇ ಹೇಳಿಟ್ಟರೆ ಹಲವು ಕಾರುಗಳಲ್ಲಿ ನೆನಪಿಟ್ಟುಕೊಳ್ಳುತ್ತದೆ ಕೂಡ. ಬಾಗಿಲಿನ ಅಂಚಿನ ರಬ್ಬರ್ ಪಟ್ಟಿಗೆ ಏನಾದರೂ ತಗುಲಿದರೆ, ಅಥವಾ ಮೋಟಾರಿಗೆ ಇದ್ದಕ್ಕಿದ್ದಂತೆ ಹೊರೆ ಹೆಚ್ಚಿದರೆ, ಬಾಗಿಲು ನಿಂತು ಹಿಂದಕ್ಕೆ ಸರಿಯುತ್ತದೆ. ಕೈಯಿಂದ ಬಡಿದು ಮುಚ್ಚುವ ಬಾಗಿಲಿಗೆ ಇಂಥ ಕರುಣೆ ಎಲ್ಲಿಂದ ಬರಬೇಕು? ಮಕ್ಕಳ ಬೆರಳು ಜಜ್ಜಿದಾಗಲೆಲ್ಲ ನಾವು ಮಕ್ಕಳನ್ನೇ ಗದರಿಸುತ್ತಾ ಬಂದಿದ್ದೇವೆ.

ಮನೆಯೊಳಗಿರುವ ಕೀಲಿಯ ಸಂಕೇತವನ್ನು ಕಳ್ಳರು ಕಾರಿನವರೆಗೆ ದಾಟಿಸಿ ಬಾಗಿಲು ತೆಗೆದಾರು ಎಂದು ಕಳ್ಳತನದ ಭಯವನ್ನು ಮುಂದಿಡುವವರಿದ್ದಾರೆ. ಆ ಭಯ ಕಾಲಾಡಿಸುವ ಸೆನ್ಸರಿಗೆ ಸೇರಿದ್ದಲ್ಲ, ಗುಂಡಿಯೊತ್ತದೆ ಕೆಲಸ ಮಾಡುವ ಎಲ್ಲ ಕೀಲಿಗಳಿಗೂ ಸೇರಿದ್ದು. ಅದಕ್ಕೂ ಮದ್ದು ಬಂದಿದೆ. ಅಲುಗಾಡದೆ ಬಿದ್ದಿದ್ದರೆ ನಿದ್ದೆಗೆ ಜಾರಿ ಉತ್ತರಿಸದಿರುವ ಕೀಲಿಗಳಿವೆ. ಬಹಳ ಅಗಲವಾದ ಆವರ್ತನ ಪಟ್ಟಿಯನ್ನು ಬಳಸುವ ಅಲ್ಟ್ರಾ ವೈಡ್‌ಬ್ಯಾಂಡ್ ಕೀಲಿಗಳು ಸಂಕೇತ ಹೋಗಿಬರಲು ಹಿಡಿದ ಸಮಯವನ್ನೇ ಅಳೆಯುತ್ತವೆ. ರೇಡಿಯೊ ಅಲೆ ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿನಲ್ಲಿ, ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಕಳ್ಳ ಸಂಕೇತವನ್ನು ದೂರದಿಂದ ಹೊತ್ತು ತಂದರೆ ಆ ಸಮಯ ಹೆಚ್ಚಾಗಬಲ್ಲದೇ ಹೊರತು ಕಡಿಮೆಯಾಗಲಾರದು, ಕೀಲಿ ದೂರದಲ್ಲಿದೆ ಎಂಬುದು ಕಾರಿಗೆ ತಿಳಿದುಬಿಡುತ್ತದೆ.

ವಿರೋಧ: ಹಿಡಿಕೆಗೆ ಏನಾಗಿತ್ತು?

ಈ ವ್ಯವಸ್ಥೆ ಕೈಕೊಡುವುದನ್ನು ಒಮ್ಮೆ ನಿಂತು ನೋಡಿ. ಕೈತುಂಬ ಸಾಮಾನು ಹೊತ್ತವರೊಬ್ಬರು ಬಂಪರಿನ ಹಿಂದೆ ಕೊಕ್ಕರೆಯಂತೆ ಒಂಟಿ ಕಾಲಿನಲ್ಲಿ ನಿಂತು ಇನ್ನೊಂದನ್ನು ಒಳಗೆ ಚಾಚುತ್ತಾರೆ. ಏನೂ ಆಗುವುದಿಲ್ಲ. ತುಸು ಎಡಕ್ಕೆ ಸರಿದು ಮತ್ತೆ ಚಾಚುತ್ತಾರೆ. ಆದರೆ ಮೊದಲಿನದೇ ತಡವಾಗಿ ಮುಟ್ಟಿರುತ್ತದೆ, ಬಾಗಿಲು ಏಳತೊಡಗಿರುತ್ತದೆ. ಏಳುತ್ತಿರುವಾಗ ಮತ್ತೆ ಕಾಲಾಡಿಸಿದರೆ ನಿಲ್ಲು ಎಂದು ಅರ್ಥ ಮಾಡಿಕೊಳ್ಳುವ ಕಾರುಗಳಿವೆ. ಬಾಗಿಲು ಎದೆಮಟ್ಟದಲ್ಲಿ ನಿಂತುಬಿಡುತ್ತದೆ. ಈಗ ಮೂರನೆಯ ಸಲ ಚಾಚಿದರೆ ಏಳುತ್ತದೋ ಇಳಿಯುತ್ತದೋ, ಅದು ಕಾರಿನ ಚಿತ್ತ. ಹಿಡಿಕೆ ಎಳೆದರೆ ಬಾಗಿಲು ಬಂತೋ ಇಲ್ಲವೋ ಎಂಬುದು ಆ ಗಳಿಗೆಯಲ್ಲೇ ಬೆರಳಿಗೆ ಗೊತ್ತಾಗುತ್ತಿತ್ತು.

ಮಗುವನ್ನು ಎತ್ತಿಕೊಂಡವರು ಒದ್ದೆ ನೆಲದಲ್ಲಿ ಒಂದು ಕಾಲೆತ್ತಿ ನಿಲ್ಲುವುದನ್ನು ಅನುಕೂಲ ಎಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಗಾಲಿಕುರ್ಚಿಯಲ್ಲಿ ಕುಳಿತವರು, ಊರುಗೋಲು ಹಿಡಿದವರು ಏನು ಮಾಡಬೇಕು? ಭುಜ ನೋಯುವವರ ಬಗ್ಗೆ ಮರುಗುವವರಿಗೆ ಕಾಲು ನೋಯುವವರು ನೆನಪಾಗುವುದಿಲ್ಲ. ಮೋಟಾರು ಬೇಕಿದ್ದರೆ ಇರಲಿ, ಮುಚ್ಚಲು ಬಾಗಿಲಿನ ಅಂಚಿನಲ್ಲಿ ಒಂದು ಗುಂಡಿ ಸಾಕು. ಹೆಚ್ಚಿನ ಕಾರುಗಳಲ್ಲಿ ಅದು ಈಗಾಗಲೇ ಇದೆ.

ಇನ್ನು ನೀರು. ಕಾರು ತೊಳೆಯುವಾಗ ಬಂಪರಿನ ಮೇಲಿಂದ ತೆಳುವಾಗಿ ಇಳಿಯುವ ನೀರಿನ ಪರದೆಯೂ ವಿದ್ಯುತ್ ಕ್ಷೇತ್ರವನ್ನು ಅಲುಗಿಸುತ್ತದೆ. ತೊಳೆಯುವವರ ಜೇಬಿನಲ್ಲೇ ಕೀಲಿ ಇದ್ದರೆ ಸೆನ್ಸರಿಗೆ ಬೇಕಾದ ಎರಡು ಷರತ್ತೂ ಪೂರೈಸಿದಂತಾಯಿತು. ಹಿಂಬಾಗಿಲು ಮೇಲೆದ್ದು ಡಿಕ್ಕಿಯೂ ತೊಳೆಸಿಕೊಳ್ಳುತ್ತದೆ. ತೊಳೆಯುವ ಮುನ್ನ ಕೀಲಿಯನ್ನು ದೂರವಿಡಿ ಅಥವಾ ಸೌಲಭ್ಯವನ್ನು ನಿಲ್ಲಿಸಿಡಿ ಎಂದು ತಯಾರಕರ ಕೈಪಿಡಿಗಳೇ ಹೇಳುತ್ತವೆ. ಮಂಜು, ಕೆಸರು ಮೆತ್ತಿದರೆ ಇದರ ತಿರುಗುಮುರುಗು: ಎಷ್ಟು ಕಾಲಾಡಿಸಿದರೂ ಮೌನ.

ಕಳ್ಳತನಕ್ಕೆ ಮದ್ದು ಬಂದಿದೆ ಎಂದರು. ಮದ್ದು ಹೊಸ ಕಾರುಗಳಿಗೆ ಬಂದಿದೆ, ರಸ್ತೆಯಲ್ಲಿರುವ ಹಳೆಯ ಕಾರುಗಳಿಗಲ್ಲ. ಜ್ಯೂರಿಕ್‌ನ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿಯೇ 8 ಕಂಪನಿಗಳ 10 ಮಾದರಿಗಳನ್ನು ಪರೀಕ್ಷಿಸಿ, ಕಾರು ಮತ್ತು ಕೀಲಿಯ ನಡುವಿನ ಸಂಕೇತವನ್ನು ದೂರಕ್ಕೆ ದಾಟಿಸಿ ಬಾಗಿಲು ತೆಗೆಯಬಹುದೆಂದು ತೋರಿಸಿಕೊಟ್ಟರು. ಒಬ್ಬ ಮನೆಯ ಗೋಡೆಯ ಪಕ್ಕ, ಇನ್ನೊಬ್ಬ ಕಾರಿನ ಪಕ್ಕ, ಇಬ್ಬರ ಕೈಯಲ್ಲೂ ಒಂದೊಂದು ಪೆಟ್ಟಿಗೆ. ಗಾಜು ಒಡೆಯುವ ಸದ್ದೂ ಇಲ್ಲ. ಗುಂಡಿಯೊತ್ತುವ ಆ ಒಂದು ಸಣ್ಣ ಶ್ರಮವೇ ಕಾವಲಾಗಿತ್ತು, ಅದನ್ನೇ ತೆಗೆದುಹಾಕಿದ್ದು ಈ ಸೌಕರ್ಯ.

ನನ್ನ ದೊಡ್ಡ ತಕರಾರು ಹಿಂಬಾಗಿಲಿನದ್ದಲ್ಲ. ಬಾಗಿಲಿನಿಂದ ಕೈಯನ್ನು ದೂರ ಮಾಡುವ ಚಪಲ ಅಲ್ಲಿಗೇ ನಿಲ್ಲುವುದಿಲ್ಲ. ಪಕ್ಕದ ಬಾಗಿಲುಗಳಲ್ಲೂ ಹಿಡಿಕೆ ಮೈಯೊಳಗೆ ಅಡಗಿತು, ಅಗುಳಿಯನ್ನು ಎಳೆಯುತ್ತಿದ್ದ ಒಳಗಿನ ತಂತಿಯ ಜಾಗಕ್ಕೆ ವಿದ್ಯುತ್ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ, 2021ರ ಮಾದರಿಯ ಸುಮಾರು 1,74,000 ಟೆಸ್ಲಾ ಮಾಡೆಲ್ ವೈ ಕಾರುಗಳ ವಿದ್ಯುತ್ ಹಿಡಿಕೆಗಳ ಬಗ್ಗೆ ತನಿಖೆ ಆರಂಭಿಸಿತು. ಬ್ಯಾಟರಿಯ ವೋಲ್ಟೇಜ್ ಕುಸಿದಾಗ ಹೊರಗಿನಿಂದ ಬಾಗಿಲು ತೆರೆಯಲಾಗದೆ, ಒಳಗೆ ಮಗುವಿದ್ದ ಹೆತ್ತವರು ಗಾಜು ಒಡೆಯಬೇಕಾಗಿ ಬಂದಿತ್ತು. ಚೀನಾ ಇನ್ನೂ ಮುಂದೆ ಹೋಗಿ, ಪ್ರಯಾಣಿಕರ ಬಾಗಿಲುಗಳಿಗೆ ವಿದ್ಯುತ್ತಿಲ್ಲದೆಯೂ ಕೆಲಸ ಮಾಡುವ ಹಿಡಿಕೆ ಇರಲೇಬೇಕೆಂಬ ನಿಯಮವನ್ನು 2027ರ ಜನವರಿ 1ರಿಂದ ಜಾರಿಗೆ ಬರುವಂತೆ ತಂದಿದೆ. ಅಪಘಾತವಾದ ಕಾರಿನ ಬಳಿಗೆ ಓಡಿಬಂದ ದಾರಿಹೋಕನ ಜೇಬಿನಲ್ಲಿ ನಿಮ್ಮ ಕೀಲಿ ಇರುವುದಿಲ್ಲ. ಅವನಿಗೆ ಬೇಕಾದದ್ದು ಹಿಡಿದು ಎಳೆಯಲು ಒಂದು ಹಿಡಿಕೆ.

ಸೆನ್ಸರ್ ಎಂದರೆ ನನಗೆ ಹಗೆಯೇನಿಲ್ಲ. ನಿಲ್ಲಿಸಿದ ಕಾರಿನ ಬಾಗಿಲನ್ನು ದಿಢೀರನೆ ತೆರೆದು ಸೈಕಲ್ ಸವಾರರನ್ನು ಬೀಳಿಸುವುದು ಹಳೆಯ ಪಿಡುಗು. ಹಿಂದಿನಿಂದ ಬರುತ್ತಿರುವವರನ್ನು ರೇಡಾರ್ ಮೂಲಕ ಕಂಡು ಬಾಗಿಲನ್ನು ಕ್ಷಣಕಾಲ ತಡೆಹಿಡಿಯುವ ಕಾರುಗಳು ಈಗ ಇವೆ. ಅದು ಕೈಯಿಂದ ಆಗದ ಕೆಲಸ, ಕೈ ಬೆನ್ನ ಹಿಂದೆ ನೋಡಲಾರದು. ಬಂಪರಿನಲ್ಲಿ ಪಾದ ಹುಡುಕುವ ಪಟ್ಟಿಗೆ ಸುರಿಯುವ ಹಣವನ್ನು ತಯಾರಕರು ಮೊದಲು ಅದಕ್ಕೆ ಹಾಕಲಿ, ಅದನ್ನು ಅಗ್ಗದ ಮಾದರಿಗಳಲ್ಲೂ ಕೊಡಲಿ.